ಮೂವರು ಯಜಮಾನರ ವಾಡೆ

೧೫ ಮಾರ್ಚ್ ೨೦೨೫, ಶನಿವಾರ

ಈ ಕತೆಯನ್ನು ನನಗೆ ಮೊದಲು ಹೇಳಿದವನು ಸುರಪುರದ ಮರಿಲಿಂಗ, ಹೋಳಿ ಆಡಿದ ಮರುದಿನ, ಫೋನಿನಲ್ಲಿ.

"ಮೇಡಮ್ಮಾರ, ನಮ್ಮ ಮೂರೂ ದವಾಖಾನಿ ಮಷಿನ್ ಕೂಡಿಸಿ ಒಂದು ಮಾಡ್ತಾರಂತ. ಮಾಡಾಕಿ ನೀವಂತ. ನಿಮ್ಮ ನಸೀಬ ಚಲೋ ಅದ ನೋಡ್ರಿ."

ನಕ್ಕುಬಿಟ್ಟೆ. ಮರಿಲಿಂಗ ಹೇಳುವುದರಲ್ಲಿ ಅರ್ಧ ಗಾಳಿ. ಆದರೆ ಮಧ್ಯಾಹ್ನ ಅಧ್ಯಕ್ಷರು ಕರೆದರು. ಯಾದಗಿರಿ, ಶಹಾಪುರ, ಸುರಪುರ, ಮೂರೂ ಊರಿನ ನಮ್ಮ ಸಹಕಾರಿ ದವಾಖಾನೆಗಳಿಗೆ ಭೀಮರಾಯ ಸಾಹೇಬರೇ ಅಧ್ಯಕ್ಷರು. ಎದುರಿಗೆ ಕೂಡಿಸಿಕೊಂಡು ಚಹಾ ಕೊಟ್ಟರು. ಚಹಾ ಕೊಟ್ಟಾಗಲೇ ನನಗೆ ಸಂಶಯ ಬಂತು.

"ಪಂಚಶೀಲಾ ಬಾಯಾರ, ಮೂರು ಕಡಿ ಮೂರು ನಮೂನಿ ಯಾಕ್ರಿ? ನಮ್ಮದೇ ಸ್ವಂತ ಕ್ಲೌಡ್ ಮಾಡ್ರಿ. ಶ್ರಾವಣ ಮುಗಿಯೋದ್ರಾಗ ನೆಟ್ಟಗ ನಡೀಬೇಕು. ಇಲ್ಲಂದ್ರ ಹೈದರಾಬಾದಿನ ಕಂಪನಿ ಒಂದು ಕಾಯಾಕತ್ತದ. ಅವರಿಗೆ ಕೊಟ್ಟು ಮೂರೂ ಕೋಣಿಗೆ ಕೀಲಿ ಹಾಕ್ತೀವಿ. ನಿಮ್ಮ ಮೂರೂ ಮಂದಿಗೆ ಅಲ್ಲಿಂದಲೇ ನಮಸ್ಕಾರ."

ಮೂರೂ ಮಂದಿ ಅಂದರೆ ಯಾದಗಿರಿಯ ಕಂಪ್ಯೂಟರ್ ಕೋಣೆಯ ನಾನು, ಶಹಾಪುರದ ಸಂಗಮನಾಥ, ಸುರಪುರದ ಈ ಮರಿಲಿಂಗ. ಅವರಿಬ್ಬರ ಕೆಲಸದ ಚಿಂತೆ ಅವರಿಗಿರಲಿ. ನನ್ನ ಕೆಲಸ ನಾನು ಉಳಿಸಿಕೊಳ್ಳುತ್ತೇನೆ.

೧೯ ಮಾರ್ಚ್, ಬುಧವಾರ

ನಮ್ಮೂರು ರಾಮಸಮುದ್ರಕ್ಕೆ ಮರಳಿದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮುಖ ನೋಡಿಯೇ, "ಯಾಂವ ಏನಂದ?" ಅಂದಳು. ಅವ್ವ ಸುಂದ್ರಮ್ಮನ ಮುಂದೆ ಏನೂ ಮುಚ್ಚಿಡಲು ಆಗುವುದಿಲ್ಲ. ಅವಳಿಗೆ ಕತೆಯ ಹಾಗೆ ಹೇಳದಿದ್ದರೆ ತಿಳಿಯುವುದೂ ಇಲ್ಲ. ಹಾಗೆ ಹೇಳುವುದನ್ನು ಅವಳಿಂದಲೇ ಕಲಿತದ್ದು.

"ಒಂದು ದೊಡ್ಡ ವಾಡೆ ಅಂತ ತಿಳಕೊ ಯವ್ವಾ. ಅದರೊಳಗ ಹತ್ತಾರು ಮನೆತನ. ಪ್ರತಿಯೊಬ್ಬರೂ ಇಡೀ ವಾಡೆ ನಮ್ಮದೇ ಅಂತ ತಿಳಕೊಂಡಾರ. ಒಬ್ಬರಿಗೊಬ್ಬರು ಕಾಣಂಗಿಲ್ಲ. ಯಾರಿಗೆ ಎಷ್ಟು ನೀರು, ಎಷ್ಟು ಜಾಗ ಅಂತ ಹಂಚಾಂವ ಯಜಮಾನ. ಕಂಪ್ಯೂಟರಿನೊಳಗಿನ ಆ ಯಜಮಾನಗ ಹೈಪರ್‌ವೈಸರ್ ಅಂತಾರ. ಮನೆತನ ಅಂದ್ರ ಅದರೊಳಗಿನ ಸಣ್ಣ ಸಣ್ಣ ಮಷಿನ್: ಒಂದು ರೋಗಿಗಳ ಹೆಸರು ಬರೀತದ, ಒಂದು ರಕ್ತದ ರಿಪೋರ್ಟ್ ಇಡ್ತದ, ಒಂದು ಔಷಧಿ."

"ಆಮ್ಯಾಲ?"

"ನನ್ನ ಯಜಮಾನ ವರ್ಷಾ ವರ್ಷಾ ರೊಕ್ಕ ಕೇಳಾಂವ. ಶಹಾಪುರದಾಂವ ಪುಕ್ಕಟೆ ಬಂದಾಂವ. ಸುರಪುರದಾಂವ ವಿಂಡೋಸ್ ಜೋಡಿ ಬೆನ್ನಿಗೆ ಬಿದ್ದಾಂವ. ಮೂವರ ಮಾತು ಬ್ಯಾರೆ, ನಡತಿ ಬ್ಯಾರೆ. ಇವರನ್ನ ಒಂದೇ ವಾಡೆದಾಗ ಇಟ್ಟು ಸಂಸಾರ ಮಾಡಸಂತಾರ."

"ಇಬ್ಬರನ್ನ ಹೊರಗ ಹಾಕಿ ನಿನ್ನಾಂವನ್ನ ಇಟಕೊ."

"ನಾನೂ ಅದನ್ನೇ ಅಂದೆ. ನನ್ನಾಂವಗ ಮೂರೂ ಊರಾಗ ಕೊಡೋ ರೊಕ್ಕ ಕೇಳಿ ಅಧ್ಯಕ್ಷರಿಗೆ ಚಹಾ ನೆತ್ತಿಗೇರಿತು."

ಅವ್ವ ರೊಟ್ಟಿ ಮಗುಚುತ್ತ, "ಮೂರು ಗಂಡಸರು ಒಂದೇ ಮನಿಯಾಗ. ಹೆಂಗಸು ನೀ ಒಬ್ಬಾಕಿ. ಸತ್ತಿ ಬಿಡು," ಅಂದಳು.

೯ ಏಪ್ರಿಲ್, ಬುಧವಾರ

ಹೈರಾಣಾದೆ. ಸುರಪುರದ ಒಂದು ಸಣ್ಣ ಮಷಿನ್ ನನ್ನ ಕಡೆ ತರಬೇಕೆಂದರೆ ಅದನ್ನು ನಿಲ್ಲಿಸಬೇಕು, ಗಂಟು ಬಿಚ್ಚಬೇಕು, ನನ್ನ ಯಜಮಾನನಿಗೆ ಒಗ್ಗುವ ಹಾಗೆ ಮತ್ತೆ ಕಟ್ಟಬೇಕು. ತಂದರೆ ನೆಟ್‌ವರ್ಕ್ ಕಾರ್ಡ್ ಕಾಣುತ್ತಿಲ್ಲ ಅನ್ನುತ್ತದೆ. ಅದು ತೋರಿಸಿದರೆ ಡಿಸ್ಕ್ ಎಲ್ಲಿ ಅನ್ನುತ್ತದೆ.

ಮರಿಲಿಂಗನಿಗೆ ಏನು ಹೇಳಿದರೂ "ಹೌದ್ರಿ". ಸಂಜೆ ಕೇಳಿದರೂ "ಹೌದ್ರಿ". ಮಾಡಿದೆಯೋ ಇಲ್ಲವೋ ಅಂದರೂ "ಹೌದ್ರಿ". ಸಂಗಮನಾಥ ಇವನಿಗೆ ತದ್ವಿರುದ್ಧ. ಒಂದು ಪಾಸ್‌ವರ್ಡ್ ಕೇಳಿದರೆ ತಂಗಿಯ ನಿಶ್ಚಿತಾರ್ಥದಿಂದ ಶುರುಮಾಡುತ್ತಾನೆ.

ಇಬ್ಬರನ್ನೂ ಟಂಟಂ ಆಟೋದಲ್ಲಿ ಕೂಡಿಸಿ ವನದುರ್ಗದ ಕೋಟೆಯೊಳಗೆ ಬಿಟ್ಟುಬರಬೇಕು.

೨ ಜೂನ್, ಸೋಮವಾರ

ಆಯಿತು! ಮೂವರು ಯಜಮಾನರೂ ನನ್ನ ಒಂದೇ ಪರದೆಯ ಮೇಲೆ ಬಂದಿದ್ದಾರೆ. ಹೆಂಗಿದ್ದವರು ಹಂಗೇ ಇದ್ದಾರೆ, ಆದರೆ ಬಾಗಿಲಿನ ಕಾವಲುಗಾರ ಈಗ ಒಬ್ಬನೇ. ಆ ಕಾವಲುಗಾರ ನಾನು ಬರೆದ ಪ್ರೋಗ್ರಾಮ್. ಹೊತ್ತು ಹೊತ್ತಿಗೆ ಎಲ್ಲರ ಕದ ತಟ್ಟಿ "ಅದೀರೇನು?" ಅಂತ ಕೂಗುತ್ತಾನೆ. ಶಹಾಪುರದ ರೋಗಿಗಳ ನೋಂದಣಿ ಮಷಿನ್‌ನ ಒಂದು ಅವಳಿಯನ್ನು ಯಾದಗಿರಿಯ ನನ್ನ ಯಜಮಾನನ ಕಡೆ ಮಲಗಿಸಿಟ್ಟಿದ್ದೇನೆ. ಅಲ್ಲಿಂದ ಸ್ವಲ್ಪ ಹೊತ್ತು ಓಗೊಡದಿದ್ದರೆ ಕಾವಲುಗಾರ ಅಲ್ಲಿಯವನು ಸತ್ತ ಎಂದು ತಿಳಿದು ಇಲ್ಲಿಯ ಅವಳಿಯನ್ನು ಎಬ್ಬಿಸಿ ಅದೇ ಹೆಸರಿನಲ್ಲಿ ಕೆಲಸಕ್ಕೆ ಹಚ್ಚುತ್ತಾನೆ. ರೋಗಿಗಳಿಗೆ ಗೊತ್ತೇ ಆಗುವುದಿಲ್ಲ.

ಇದನ್ನು ಅವರಿಬ್ಬರಿಗೆ ಬಿಡಿಸಿ ಹೇಳುವಷ್ಟು ತಾಳ್ಮೆ ನನಗಿರಲಿಲ್ಲ. ಹೇಳಿದರೂ ಒಬ್ಬ ಹೌದ್ರಿ ಅನ್ನುತ್ತಾನೆ, ಇನ್ನೊಬ್ಬ ತಂಗಿಯ ಮದುವೆ ತೆಗೆಯುತ್ತಾನೆ.

೨೫ ಜೂನ್, ಬುಧವಾರ

ಶಹಾಪುರದಲ್ಲಿ ಇವತ್ತು ಒಂದೇ ನಂಬರಿನ ಟೋಕನ್ ಇಬ್ಬಿಬ್ಬರ ಕೈಯಲ್ಲಿ. ಡಾಕ್ಟರ ಬಾಗಿಲಲ್ಲಿ ಜಗಳ. ಒಬ್ಬ ಅಜ್ಜ ಇನ್ನೊಬ್ಬನ ಅಂಗಿ ಹಿಡಿದು, "ನಾ ಮೊದಲ ಬಂದೀನಲೇ, ನೀ ನನ್ನ ನಂಬರ್ ಕದ್ದಿ!" ಅಂದನಂತೆ. ಗೋಗಿಯಿಂದ ಬಂದ ಒಬ್ಬ ಹೆಂಗಸು ಮಗುವಿನ ರಕ್ತದ ರಿಪೋರ್ಟಿಗೆ ಬೆಳಿಗ್ಗೆಯಿಂದ ಕಾದಳು. ರಿಪೋರ್ಟ್ ಬಂದಿತ್ತು, ಆದರೆ ನೋಂದಣಿ ಮಷಿನ್‌ನ ಒಬ್ಬ ಅವಳಿಯ ಕೈಗೆ. ಡಾಕ್ಟರು ನೋಡುತ್ತಿದ್ದದ್ದು ಇನ್ನೊಬ್ಬನನ್ನು. ಜ್ವರದ ಕೂಸನ್ನು ಎತ್ತಿಕೊಂಡು ಅವಳು ಕಡೆಯ ಬಸ್ಸಿಗೆ ಹೋದಳು.

ಎರಡು ಮಷಿನ್, ಒಂದೇ ಹೆಸರು, ಎರಡೂ ಜೀವಂತ! ಶಹಾಪುರದವನು ಸತ್ತನೆಂದು ಕಾವಲುಗಾರ ಇಲ್ಲಿಯವನನ್ನು ಎಬ್ಬಿಸಿದ್ದಾನೆ. ಆಮೇಲೆ ಸತ್ತವನೂ ಎದ್ದು ಕೂತಿದ್ದಾನೆ.

ಸಂಗಮನಾಥನಿಗೆ ಫೋನು ಮಾಡಿ, "ಮಷಿನ್ ಬಂದ್ ಮಾಡಿದ್ದೇನು?" ಅಂದೆ.

"ಶರಣಬಸವೇಶ್ವರನಾಣಿ, ಬಂದ್ ಮಾಡಿಲ್ರಿ. ನಾ ಯಾಕ ಬಂದ್ ಮಾಡ್ಲಿ?"

ಆಣೆ ಹಾಕಿ ಸುಳ್ಳು ಹೇಳುವವನಲ್ಲ ಅವನು. ಉಳಿದವನು ಯಾರು? ಸುರಪುರದಿಂದ ಬೆಳಿಗ್ಗೆ ಫೈಲುಗಳ ಭಾರೀ ನಕಲು ಕೆಲಸ ನಡೆದಿತ್ತು. ಲೈನ್ ತುಂಬಿ ಉಸಿರುಗಟ್ಟಿ ಶಹಾಪುರದ ಓಗೊಡುವಿಕೆ ಬಂದಿಲ್ಲ. ಇದು ಮರಿಲಿಂಗನದೇ.

೨೭ ಜೂನ್, ಶುಕ್ರವಾರ

ಸುರಪುರವನ್ನು ಕೈಬಿಡೋಣ ಎಂದು ಅಧ್ಯಕ್ಷರಿಗೆ ಹೇಳಿದೆ. ಅವರು, "ಇನ್ನೊಮ್ಮೆ ಹಿಂಗಾದ್ರ ಸುರಪುರ ಅಷ್ಟೇ ಅಲ್ಲ, ಮೂರನ್ನೂ ಕೈಬಿಡ್ತೀನಿ," ಅಂದರು.

೮ ಜುಲೈ, ಮಂಗಳವಾರ

ಸುರಪುರಕ್ಕೆ ಹೋದೆ. ತಪ್ಪು ಕಣ್ಣಿಂದ ಕಂಡು ಹಿಡಿಯಬೇಕೆಂದೇ ಹೋದದ್ದು. ಮರಿಲಿಂಗನ ಕೋಣೆ ನನ್ನದಕ್ಕಿಂತ ಸ್ವಚ್ಛ ಇದೆ, ವೈರುಗಳೆಲ್ಲ ಜಡೆ ಹೆಣೆದ ಹಾಗೆ. ಅದೂ ಸಿಟ್ಟು ಬರಿಸಿತು.

ಊಟದ ಹೊತ್ತಿಗೆ ಡಬ್ಬಿ ಬಿಚ್ಚಿ ಅರ್ಧ ನನ್ನ ಮುಂದಿಟ್ಟ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ.

"ಸಾಹೇಬ್ರ ಮುಂದ ನನ್ನ ಹೆಸರು ಹೇಳೀರಂತ," ಅಂದ, ಹಿಂಡಿ ಬಡಿಸುತ್ತ.

"ಹೌದು."

"ಹೌದ್ರಿ," ಅಂದ ಅವನು. "ಪಲ್ಯ ಹಾಕ್ಲೇನ್ರಿ ಇನ್ನೊಂಚೂರು?"

ಪಲ್ಯ ಚೆನ್ನಾಗಿತ್ತು. ಅದಕ್ಕೂ ನನ್ನ ದೂರಿಗೂ ಸಂಬಂಧವಿಲ್ಲ. ಅಲ್ಲಿ ತಪ್ಪೇನೂ ಸಿಗಲಿಲ್ಲ. ಇನ್ನೊಮ್ಮೆ ಹೋಗಬೇಕು.

೨೪ ಜುಲೈ, ಗುರುವಾರ

ಇವತ್ತಿನದನ್ನು ಬರೆಯದೆ ಬಿಟ್ಟರೆ ನಾಳೆ ನಾನೇ ನಂಬುವುದಿಲ್ಲ.

ಬೆಳಿಗ್ಗೆ ಮತ್ತೆ ಸುರಪುರದಲ್ಲಿದ್ದೆ. ನಕಲು ಕೆಲಸವೆಲ್ಲ ನಿಲ್ಲಿಸಿ, ಮರಿಲಿಂಗ ಕೀಬೋರ್ಡು ಮುಟ್ಟದ ಹಾಗೆ ಅವನ ಕೈಗೆ ಚಹಾ ಕೊಟ್ಟು ಕೂಡಿಸಿದ್ದೆ. ನೋಡುತ್ತ ನೋಡುತ್ತಲೇ ನನ್ನ ಪರದೆಯಲ್ಲಿ ಶಹಾಪುರ ಕೆಂಪಾಯಿತು. ಯಾದಗಿರಿಯ ಅವಳಿ ಎದ್ದ.

ಮರಿಲಿಂಗ ಚಹಾದ ಕಪ್ಪು ಎತ್ತಿ ತೋರಿಸಿ, "ನನ್ನ ಎರಡೂ ಕೈ ಇಲ್ಲೇ ಅದಾವ ನೋಡ್ರಿ ಮೇಡಂ," ಅಂದ.

ಇಬ್ಬರೂ ಓಡಿ ಸಿಕ್ಕ ಜೀಪು ಹತ್ತಿದೆವು. ಎಮ್ಮೆಗಳು ಅಡ್ಡ, ಮಂದಿ ತುಂಬಿದ ಟ್ರ್ಯಾಕ್ಸ್ ಗಾಡಿ ಅಡ್ಡ. ಶಹಾಪುರದ ದವಾಖಾನೆಯ ಅಂಗಳದಲ್ಲಿ ಮಂದಿ ಆಗಲೇ ಟೋಕನ್ ಎತ್ತಿ ಹಿಡಿದು ಒದರುತ್ತಿದ್ದರು. ಕಂಪ್ಯೂಟರ್ ಕೋಣೆಯ ಬಾಗಿಲು ತೆರೆದಿತ್ತು. ಒಳಗಿಂದ ಊದಿನಕಡ್ಡಿಯ ಹೊಗೆ ಬರುತ್ತಿತ್ತು.

ಎರಡೂ ಸರ್ವರುಗಳಿಗೆ ಮೂರು ಬೆರಳಿನ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಎದುರಿಗೆ ಒಡೆದ ತೆಂಗಿನಕಾಯಿ. ಗಿರಣಿಯ ಬಸವಂತರಾಯ ಸಾವಕಾರರು, ನಮ್ಮ ಸಂಘದ ಡೈರೆಕ್ಟರು, ಧೋತರ ಎತ್ತಿ ಕಟ್ಟಿ ಮಂಗಳಾರತಿ ಮುಗಿಸಿ ನಿಂತಿದ್ದರು. ಸಂಗಮನಾಥ ಮಷಿನ್ ಎಬ್ಬಿಸಿ ಪ್ರಸಾದ ಹಂಚುತ್ತಿದ್ದ.

"ಬಂದ್ ಮಾಡಿಲ್ಲ ಅಂದಿ!" ಅಂತ ಕೂಗಿದೆ.

"ಬಂದ್ ಎಲ್ಲಿ ಮಾಡೀನ್ರಿ? ಮಲಗಿಸೀನಿ ಅಷ್ಟೇ. ಹಂಗೇ ಉಸಿರು ಹಿಡಿಸಿ ಮಲಗಸೋದು, ಪೂಜಿ ಆದಮ್ಯಾಲ ಎಬ್ಬಸೋದು. ಎಬ್ಬಿಸಿದ್ರ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಶುರು ಮಾಡ್ತದ. ಏಸೋ ವರ್ಷದಿಂದ ಅಮಾಸಿಗೊಮ್ಮೆ ಮಾಡಾಕತ್ತೀವಿ, ಏನೂ ಆಗಿಲ್ಲ."

ಅಮಾವಾಸ್ಯೆ! ಹೋದ ತಿಂಗಳದ್ದು ಮಣ್ಣೆತ್ತಿನ ಅಮಾವಾಸ್ಯೆ, ಇವತ್ತು ನಾಗರ ಅಮಾವಾಸ್ಯೆ. ನಮ್ಮ ಮನೆಯಲ್ಲಿ ಬುದ್ಧವಂದನೆಗೆ ಹುಣ್ಣಿಮೆಯ ಲೆಕ್ಕ ಇಡುತ್ತೇವೆ, ಅಮಾವಾಸ್ಯೆ ಯಾವಾಗ ಬಂತು ಹೋಯಿತು ನನಗೇನು ಗೊತ್ತು? ಇಡೀ ಊರಿಗೆ ಗೊತ್ತಿದ್ದದ್ದು ನನ್ನೊಬ್ಬಳಿಗೇ ಗೊತ್ತಿರಲಿಲ್ಲ. ಇವರಿಗೋ, ನನ್ನ ಕಾವಲುಗಾರ ಇದ್ದಾನೆಂದೇ ಗೊತ್ತಿರಲಿಲ್ಲ.

"ಸಾವಕಾರ್ರ, ಮಷಿನ್ ನಡೀತಿರುವಾಗಲೇ ಪೂಜಿ ಮಾಡ್ರಿ ಬೇಕಾದ್ರ. ಮಲಗಿಸಬ್ಯಾಡ್ರಿ," ಅಂದೆ.

ಬಸವಂತರಾಯರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಓಡೋ ಗಿರಣಿಗೆ ಯಾರರ ವಿಭೂತಿ ಹಚ್ಚತಾರೇನ ತಂಗಿ? ಕೈ ಹೋಗ್ತದ. ಎತ್ತಿರಲಿ, ಟ್ರ್ಯಾಕ್ಟರ್ ಇರಲಿ, ವರ್ಷಗಟ್ಟಲೆ ದುಡಿಯೋದಕ್ಕ ಆ ಒಂದು ತಾಸು ತಣ್ಣಗ ನಿಂದ್ರಾಕ ಬಿಡಬೇಕು. ಅದು ಪೂಜಿ."

"ಹೊರಗ ಮಂದಿ ಹೊಡದಾಡಾಕತ್ತಾರ್ರಿ!"

"ಅದನ್ನ ನೋಡ್ಲಾಕ ನಿನಗ ಪಗಾರ ಕೊಡ್ತೀವಿ," ಅಂದು ಕೈಗೆ ಕೊಬ್ಬರಿ ಚೂರು ಇಟ್ಟರು.

ಮರಿಲಿಂಗ ಮಧ್ಯೆ ಬಂದು, "ಅಕ್ಕಾರ, ಬರ್ರಿ, ಮೊದಲ ಟೋಕನ್ ಸರಿ ಮಾಡೋಣ," ಅಂತ ನನ್ನನ್ನು ಎಳೆದುಕೊಂಡು ಹೋದ. ಇಲ್ಲದಿದ್ದರೆ ಆ ಚೂರನ್ನು ಎಲ್ಲಿ ಒಗೆಯುತ್ತಿದ್ದೆನೋ. ಸಂಜೆಯ ತನಕ ನಾವು ಮೂವರೂ ಕೂತು, ಇಬ್ಬರು ಅವಳಿಗಳ ನೋಂದಣಿಯನ್ನು ಒಂದು ಮಾಡಿದೆವು.

೨೫ ಜುಲೈ, ಶುಕ್ರವಾರ

ಅಧ್ಯಕ್ಷರು ಆಗಸ್ಟ್ ಇಪ್ಪತ್ತೆರಡಕ್ಕೆ ಸಭೆ ಕರೆದಿದ್ದಾರೆ. ಮರುದಿನ ಹೈದರಾಬಾದಿನವರಿಗೆ ಯಾದಗಿರಿಯಲ್ಲಿ ಊಟಕ್ಕೆ ಹೇಳಿದ್ದಾರಂತೆ.

ಪೂಜೆ ನಿಲ್ಲಿಸಲು ಆದೇಶ ಹೊರಡಿಸಿ ಎಂದು ಅವರಿಗೊಂದು ಪತ್ರ ಬರೆದೆ. ಸಂಗಮನಾಥ ಮಲಗಿಸಿದ ವಿಷಯ ಅದರಲ್ಲಿ ಬರೆಯಬೇಕಾಗುತ್ತದೆ. ಅವನ ತಂಗಿಯ ಮದುವೆ ಕಾರ್ತಿಕದಲ್ಲಿ. ಕಳಿಸಲಿಲ್ಲ.

೫ ಆಗಸ್ಟ್, ಮಂಗಳವಾರ

ಶಹಾಪುರದ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಮೂವರೂ ಮಂಡಕ್ಕಿ ಸುಸಲಾ, ಮಿರ್ಚಿ ಭಜಿ ಇಟ್ಟುಕೊಂಡು ಕೂತೆವು. ಜಗಳ ಶುರುವಾಯಿತು.

"ಓಗೊಡದವರೆಲ್ಲ ಸತ್ತಾರ ಅಂತ ಬರದಾಕಿ ನೀವು," ಅಂದ ಸಂಗಮನಾಥ. "ಅಲ್ಲಿ ನೋಡ್ರಿ, ಗುಡ್ಡದ ಮ್ಯಾಲ ನಿಮ್ಮ ಬುದ್ಧ ಮಲಗ್ಯಾನ. ಅಂವ ಯಾರಿಗೆ ಓಗೊಡ್ತಾನ? ಸತ್ತಾನಂತೀರೇನು?"

ಶಹಾಪುರದ ಗುಡ್ಡದ ಸಾಲು ದೂರದಿಂದ ಬುದ್ಧ ಮಲಗಿದ ಹಾಗೆಯೇ ಕಾಣುತ್ತದೆ. ಅದು ಬುದ್ಧ ದೇಹ ಬಿಟ್ಟ ಹೊತ್ತಿನ, ಮಹಾಪರಿನಿರ್ವಾಣದ ಭಂಗಿ ಎಂದು ಬಾಯಿ ತನಕ ಬಂತು. ಹೇಳಿದ್ದರೆ ಅವನ ವಾದವೇ ಬಿದ್ದುಹೋಗುತ್ತಿತ್ತು. ಭಜಿ ತಿಂದೆ.

ಮರಿಲಿಂಗ ಅಂದ: "ಸಂಗಣ್ಣನ ಹಂತೇಲಿ ಎರಡು ಸರ್ವರ್ ಅದಾವಲ್ಲ, ಎರಡರಾಗೂ ಒಂದೇ ನಮೂನಿ ಯಜಮಾನ. ಅಕ್ಕಾರ, ನಿಮ್ಮ ಕಡಿ ಬರಬೇಕಂದ್ರ ಮನೆತನ ಗಂಟು ಬಿಚ್ಚಿ ಕಟ್ಟಬೇಕು. ಆದ್ರ ಅಲ್ಲೇ ಬಾಜೂ ಮನಿಗೆ ಹೋಗಾಕ ಏನು? ಒಲಿ ಆರಸದಂಗ, ಮಾಡೋ ಕೆಲಸ ಬಿಡದಂಗ ದಾಟಬೌದು."

ನಾನೂ ಸಂಗಮನಾಥನೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೂವರು ಯಜಮಾನರನ್ನೂ ಒಂದೇ ಅಚ್ಚಿಗೆ ತರಬೇಕೆಂಬ ಹಟದಲ್ಲಿ ನಾನು ಇದನ್ನು ನೋಡಿಯೇ ಇರಲಿಲ್ಲ. ಒಂದನೇ ಸರ್ವರಿನ ಮನೆತನಗಳನ್ನೆಲ್ಲ ಎರಡನೆಯದಕ್ಕೆ ದಾಟಿಸುವುದು, ಇದು ವಿಶ್ರಾಂತಿಗೆ ಹೋಗುತ್ತಿದೆ ಎಂದು ಕಾವಲುಗಾರನಿಗೆ ಮೊದಲೇ ಹೇಳುವುದು, ಆಮೇಲೆ ಮಲಗಿಸಿ ಪೂಜೆ. ಮುಗಿದ ಮೇಲೆ ಎಲ್ಲರೂ ಈಚೆಗೆ ಬಂದು, ಎರಡನೆಯದಕ್ಕೆ ಪೂಜೆ. ಶಹಾಪುರಕ್ಕೆ ಶಹಾಪುರದ ಕಟ್ಟಳೆ, ಸುರಪುರಕ್ಕೆ ಅಲ್ಲಿಯದು. ನನ್ನ ಕಾವಲುಗಾರನೇ ಮೂರೂ ಮಾತು ಕಲಿಯಲಿ.

ಆದರೆ ಸಾವಕಾರರಿಗೆ ಹೇಳಿಕಳಿಸಿದರೆ ಒಂದೇ ಮಾತು: "ದೇವರಿಗೆ ಅರ್ಧರ್ಧ ಪೂಜಿ ಮಾಡಂಗಿಲ್ಲ." ಥೂ!

೨೨ ಆಗಸ್ಟ್, ಶುಕ್ರವಾರ

ಸಭೆ. ಡೈರೆಕ್ಟರುಗಳೆಲ್ಲ ಬಂದಿದ್ದರು. ಮರಿಲಿಂಗ, ಸಂಗಮನಾಥ ಗೋಡೆಗೆ ಆತು ನಿಂತಿದ್ದರು. ಅಧ್ಯಕ್ಷರು ನೇರ ಕೇಳಿದರು: "ಎರಡು ಸರ್ತಿ ಯಾಕ ಕೆಟ್ಟಿತು? ತಪ್ಪು ಯಾರದು? ಹೆಸರು ಹೇಳ್ರಿ."

ಪರದೆಯ ಮೇಲೆ ತೋರಿಸಲು ಚಿತ್ರ ಮಾಡಿಕೊಂಡು ಹೋಗಿದ್ದೆ. ಸಂಗಮನಾಥನ ಮುಖ ನೋಡಿದೆ. ಚಿತ್ರ ತೆಗೆಯಲಿಲ್ಲ. ಅವ್ವನಿಗೆ ಹೇಳುವ ಹಾಗೆ ಶುರುಮಾಡಿಬಿಟ್ಟೆ.

"ಒಂದು ವಾಡೆ ಇತ್ತರಿ. ಅದಕ್ಕ ಮೂವರು ಯಜಮಾನರು..."

ನಡುವಿನ ಯಜಮಾನ ಬಹಳ ಅಂತಃಕರಣದವನು ಅಂದೆ. ತನ್ನ ಮಂದಿ ದುಡಿದು ದಣಿದಾರೆ ಅಂತ ಒಂದು ದಿನ ಎಲ್ಲರನ್ನೂ ಮಲಗಿಸಿ, ಹಣೆಗೆ ವಿಭೂತಿ ಹಚ್ಚಿದ. ಬಾಗಿಲಿನ ಕಾವಲುಗಾರ ಹೊಸಬ, ಪರ ಊರವನು. ಕದ ತಟ್ಟಿದ, ಯಾರೂ ಓಗೊಡಲಿಲ್ಲ. ಅಯ್ಯೋ ಸತ್ತರು ಅಂತ ಬಾಜೂ ಓಣಿಯಿಂದ ಅವಳಿ ತಮ್ಮನನ್ನು ಕರೆತಂದು, ಅಣ್ಣನ ಅಂಗಿ ತೊಡಿಸಿ, ಅಣ್ಣನ ತಾಟಿಗೆ ಊಟಕ್ಕೆ ಕೂಡಿಸಿದ. ಅಣ್ಣ ಎದ್ದು ಬಂದ. ಒಂದೇ ತಾಟು, ಎರಡು ಕೈ. "ಇದು ನನ್ನ ರೊಟ್ಟಿ!" "ನಂದು!" ಮನೆಯಾಕೆ ಯಾರಿಗೆ ಬಡಿಸಬೇಕು? ಹಸಿದ ಕೂಸೊಂದು ನಡುವೆ ಕೂತು, ಯಾರೂ ಬಡಿಸದೆ, ಹಂಗೇ ಹೋಯಿತು.

ಎಲ್ಲರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಬಸವಂತರಾಯ ಸಾವಕಾರರು. ಕೂಸಿನ ಮಾತಿಗೆ ನಗು ನಿಂತಿತು.

"ಆ ಕೂಸು ಯಾರದು?" ಅಂದರು.

"ಗೋಗಿಯದರಿ. ಜ್ವರ ಇತ್ತು. ಮರುದಿನ ರಿಪೋರ್ಟ್ ನಾವೇ ಕಳಿಸಿದಿವಿ. ಈಗ ಆರಾಮ ಅದ."

ಸಾವಕಾರರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ನಡುವಿನ ಯಜಮಾನ ನಾನೇ ಏನು?"

"ಕಾವಲುಗಾರ ನಂದರಿ," ಅಂದೆ.

"ಅಂದ್ರ ಪೂಜಿ ಬಿಡು ಅಂತೀ."

"ಅನ್ನಂಗಿಲ್ರಿ. ಮನಿ ಖಾಲಿ ಮಾಡಿ ಪೂಜಿ ಮಾಡ್ರಿ ಅಂತೀನಿ. ಮಂದಿ ಬಾಜೂ ಮನಿಗೆ ದಾಟಲಿ, ಆಮ್ಯಾಲ ಎಷ್ಟು ಹೊತ್ತರ ಮಾಡ್ರಿ."

ಅಧ್ಯಕ್ಷರು ಗಡಿಯಾರ ನೋಡಿ, "ನಾಳೆ ಅಮಾಸಿ ಅದ. ಮಧ್ಯಾಹ್ನ ಹೈದರಾಬಾದಿನವರು ಊಟಕ್ಕ ಬರ್ತಾರ. ನಾಳೆ ಒಂದು ಟೋಕನ್ ಇಬ್ಬರಿಗೆ ಬಂದ್ರೂ ಸಾಕು, ಅವರ ಜೋಡಿ ಊಟದಾಗೇ ಮಾತು ಮುಗಸ್ತೀನಿ," ಅಂದು ಎದ್ದರು. ಸಾವಕಾರರು ಹೌದೆನ್ನಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ಚಪ್ಪಲಿ ಹಾಕಿಕೊಂಡು ಹೋದರು.

ನಮ್ಮ ಮೂರೂ ಕೋಣೆಗಳು ಆ ಮನುಷ್ಯನ ಕೈಯಲ್ಲಿವೆ. ಸಿಟ್ಟು ಬರುವಷ್ಟೂ ತ್ರಾಣ ಇಲ್ಲ.

೨೩ ಆಗಸ್ಟ್, ಶನಿವಾರ

ಕತೆ ಕೇಳಿದವರು ಮರುದಿನ ಬೆಳಿಗ್ಗೆ ಏನು ಮಾಡಿದರು ಅಂದರೆ:

ಮರಿಲಿಂಗ ಸುರಪುರದ ಕೋಣೆ ತೆರೆದು, ಫೋನು ಕಿವಿಗಿಟ್ಟುಕೊಂಡು ಕೂತ. ಇಬ್ಬರು ಡೈರೆಕ್ಟರುಗಳು ಶಹಾಪುರದ ಟೋಕನ್ ಕಿಟಕಿಯ ಬಳಿ ರೋಗಿಗಳ ಹಾಗೆಯೇ ಸಾಲಿನಲ್ಲಿ ನಿಂತು ಟೋಕನ್ ತೆಗೆಸಿಕೊಂಡರು. ಒಬ್ಬರಿಗೆ ಬಿಪಿಯನ್ನೂ ನೋಡಿ ಕಳಿಸಿದರಂತೆ. ಅಧ್ಯಕ್ಷರು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು.

ಬಸವಂತರಾಯ ಸಾವಕಾರರು ಎರಡು ತೆಂಗಿನಕಾಯಿ ಹಿಡಿದು ಬಂದರು. ಸಂಗಮನಾಥ ಒಂದನೇ ಸರ್ವರಿನ ಮನೆತನಗಳನ್ನು ಒಂದೊಂದಾಗಿ ದಾಟಿಸತೊಡಗಿದ. ಔಷಧಿಯವನು ಸರಸರ ಹೋದ. ನೋಂದಣಿಯವನು ಹೋದ. ರಕ್ತದ ರಿಪೋರ್ಟಿನವನು ಮೈತುಂಬ ಸಾಮಾನು ಹೊತ್ತವನು, ಬಹಳ ನಿಧಾನ. ಸಾವಕಾರರು ಪರದೆಯ ಮೇಲೆ ತೆವಳುವ ಗೆರೆಯನ್ನೇ ನೋಡುತ್ತಿದ್ದರು. ಪೂಜಾರಿ ಗಂಟೆ ಎತ್ತಿದಾಗ ಕೈ ಹಿಡಿದರು: "ತಡಿಯೋ, ಒಬ್ಬಾಂವ ಇನ್ನ ಒಳಗ ಅದಾನ."

ಎಲ್ಲರೂ ದಾಟಿದರು. ಸರ್ವರ್ ಮಲಗಿತು. ಕಾವಲುಗಾರ ಕದ ತಟ್ಟಲಿಲ್ಲ. ವಿಭೂತಿ, ಕುಂಕುಮ, ಹೂವು, ಆರತಿ ಎಲ್ಲ ಆಯಿತು. ಕಾಯಿಯನ್ನು ಮಾತ್ರ ಸಾವಕಾರರು ಹೊರಗೆ ಅಂಗಳದ ಕಲ್ಲಿಗೆ ಒಡೆದರು. ಯಾಕೆಂದು ಕೇಳಿದರೆ, "ಬಾಜೂ ಮನಿಯಾಗ ಮಂದಿ ಕೆಲಸ ಮಾಡಾಕತ್ತಾರ, ಬೆಚ್ಚಿ ಬಿದ್ದಾರು," ಅಂದರು.

ಟೋಕನ್ ಕಿಟಕಿಯಿಂದ, "ಒಂದೇ ಬರಾಕತ್ತದ!" ಅಂತ ಡೈರೆಕ್ಟರು ಕೂಗಿದರು. ಫೋನಿನಲ್ಲಿ ಮರಿಲಿಂಗ, "ಅಕ್ಕಾ, ಎಲ್ಲಾ ಹಸಿರು," ಅಂದ. ಅಧ್ಯಕ್ಷರು ಕೂತಲ್ಲಿಂದಲೇ ಯಾದಗಿರಿಗೆ ಫೋನು ಮಾಡಿ, ಹೈದರಾಬಾದಿನವರಿಗೆ ಊಟ ಹಾಕಿ ಕಳಿಸ್ರಿ, ನಾ ಬರಂಗಿಲ್ಲ ಅಂತ ಹೇಳ್ರಿ, ಅಂದರು.

ಒಂದನೇ ಸರ್ವರ್ ಎದ್ದಿತ್ತು, ಎರಡನೇ ಸರ್ವರಿನವರು ಈಚೆಗೆ ಬರತೊಡಗಿದ್ದರು. ಸಾವಕಾರರು ಇನ್ನೊಂದು ಕಾಯಿ ಹಿಡಿದು ಹೊಸ್ತಿಲ ಹೊರಗೇ ನಿಂತಿದ್ದರು. ಒಳಗ ಬರ್ರಿ ಅಂದೆ.

"ಇರಲಿ ತಂಗಿ," ಅಂದರು. "ಅವರೆಲ್ಲ ದಾಟಲಿ. ನೀ ಹೇಳಿದಮ್ಯಾಲ ಬರ್ತೀನಿ."